ಗಣಿತ ಬಿಟ್ಟರೆ ಸಯನ್ಸ್ ಸುಲಭವಾಗುತ್ತದೆಯೇ?

ಪ್ರಶ್ನೆ: ಟೀಚರ್, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಈಗ ಪ್ಲಸ್ ಒನ್‌ಗೆ (ಹನ್ನೊಂದನೇ ತರಗತಿಗೆ) ಅರ್ಜಿ ಹಾಕಬೇಕು. ನನಗೆ ಬಯಾಲಜಿ ಇಷ್ಟ, ಕೃಷಿ ಕಾಲೇಜಿಗೆ ಹೋಗುವ ಆಸೆ. ಅಪ್ಪ ಕಂಪ್ಯೂಟರ್ ಸಯನ್ಸ್ ತಗೋ ಅನ್ನುತ್ತಾರೆ. ನನಗೆ ಗಣಿತ ಅಂದ್ರೆ ಹೆದರಿಕೆ, ಮೇಲಿಂದ ಇಂಗ್ಲಿಷ್ ಬೇರೆ. ಗಣಿತ ಇಲ್ಲದ ಸಯನ್ಸ್ ಸೇರಲೇ?

ಉತ್ತರ: ಮೊದಲು ಅಪ್ಪನ ಮಾತು ನೋಡೋಣ. ಕಂಪ್ಯೂಟರ್ ಗುಂಪಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಇರುತ್ತವೆ, ಬಯಾಲಜಿ ಇಲ್ಲ. ಕೇರಳದಲ್ಲಿ ಬಿಎಸ್ಸಿ ಅಗ್ರಿಕಲ್ಚರ್ ಸೀಟು ಕೊಡುವುದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಅಂಕ ನೋಡಿ. ನೀಟ್‌ಗೆ ಬಯಾಲಜಿ ಬೇಕೇ ಬೇಕು. ಪಡನ್ನಕ್ಕಾಡ್ ಕೃಷಿ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ. ಆ ಬಾಗಿಲು ಈಗಲೇ ಮುಚ್ಚಿಕೊಳ್ಳಬೇಡ. ಬಯೋ ಮ್ಯಾಥ್ಸ್ ತೆಗೆದುಕೊಂಡರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಗಣಿತ ನಾಲ್ಕೂ ಸಿಗುತ್ತವೆ. ಎರಡು ವರ್ಷ ಕಳೆದ ಮೇಲೆ ಕಂಪ್ಯೂಟರ್ ಎಂಜಿನಿಯರಿಂಗೇ ಬೇಕು ಅನ್ನಿಸಿದರೆ ಅದಕ್ಕೂ ಪ್ರವೇಶ ಪರೀಕ್ಷೆ ಬರೆಯಬಹುದು. ಅಪ್ಪನ ಹತ್ತಿರ ಕೂತು ಇಷ್ಟನ್ನು ಬಿಡಿಸಿ ಹೇಳು.

ಇನ್ನು ನಿನ್ನ ಹೆದರಿಕೆ. ನಾನು ಹೈಯರ್ ಸೆಕೆಂಡರಿಯಲ್ಲಿ ಫಿಸಿಕ್ಸ್ ಕಲಿಸಿದವಳು, ಅದಕ್ಕೇ ಹೇಳುತ್ತಿದ್ದೇನೆ: ಗಣಿತ ಬಿಟ್ಟ ಮಾತ್ರಕ್ಕೆ ಅದು ನಿನ್ನನ್ನು ಬಿಡುವುದಿಲ್ಲ. ಪ್ಲಸ್ ಒನ್ ಫಿಸಿಕ್ಸ್‌ನಲ್ಲಿ ಸರಳರೇಖೆಯ ಚಲನೆ ಆರಂಭದಲ್ಲೇ ಬರುವ ಪಾಠ. ಅಲ್ಲಿ ವೇಗದ ಗ್ರಾಫಿನ ಇಳಿಜಾರು ನೋಡಿ ವೇಗೋತ್ಕರ್ಷ ಹೇಳಬೇಕು. ಡಿಫರೆನ್ಷಿಯೇಷನ್, ಅಂದರೆ ಬದಲಾವಣೆಯ ದರ ಕಂಡುಹಿಡಿಯುವ ಲೆಕ್ಕ, ಅಲ್ಲೇ ಶುರು. ಗಣಿತದ ಪುಸ್ತಕದಲ್ಲಿ ಅದೇ ವಿಷಯ ಕೊನೆಕೊನೆಗೆ ಬರುತ್ತದೆ. ಹಾಗಾಗಿ ಗಣಿತ ತೆಗೆದುಕೊಂಡವರಿಗೂ ಆಗ ಅದು ಹೊಸದೇ. ಗಣಿತ ಇಲ್ಲದವರು ಮಾತ್ರ ಆಮೇಲೂ ಫಿಸಿಕ್ಸ್ ಟೀಚರ್ ಬೋರ್ಡಿನಲ್ಲಿ ಬರೆದು ತೋರಿಸಿದಷ್ಟರಲ್ಲೇ ನಿಭಾಯಿಸಬೇಕಾಗುತ್ತದೆ. ಪಾಪ, ಅವರ ಕಷ್ಟ ಜಾಸ್ತಿ. ಈ ರಜೆಯಲ್ಲಿ ಹತ್ತನೆಯ ತ್ರಿಕೋನಮಿತಿ ಮತ್ತು ಗ್ರಾಫಿನ ಲೆಕ್ಕಗಳನ್ನು ಮತ್ತೆ ಮಾಡು. ಸುಮ್ನೆ ಓದಿದರೆ ಸಾಲದು, ಪೆನ್ಸಿಲ್ ಹಿಡಿದು ಮಾಡಬೇಕು.

ನರ್ಸಿಂಗ್ ಒಂದೇ ಗುರಿ ಎಂದು ಬರೆದಿದ್ದರೆ ಗಣಿತ ಬಿಡು ಎನ್ನುತ್ತಿದ್ದೆನೇನೋ. ನಿನ್ನ ಪತ್ರದಲ್ಲಿ ಆ ಮಾತಿಲ್ಲ.

ಇಂಗ್ಲಿಷ್ ಮೊದಲ ಕೆಲವು ತಿಂಗಳು ಕಾಡುತ್ತದೆ, ನಿಜ. ಹತ್ತನೆಯ ಕನ್ನಡ ಪುಸ್ತಕಗಳನ್ನು ಯಾರಿಗೂ ಕೊಡಬೇಡ. ಹೊಸ ಪಾಠದ ಜೊತೆ ಅವನ್ನೂ ತೆರೆದಿಟ್ಟುಕೋ. ಓದಿದ್ದನ್ನು ಸಂಜೆ ಅಮ್ಮನಿಗೆ ಕನ್ನಡದಲ್ಲೇ ವಿವರಿಸು. ಎಲ್ಲಿ ತಡವರಿಸುತ್ತೀಯೋ ಆ ಭಾಗ ಇನ್ನೂ ಅರ್ಥವಾಗಿಲ್ಲ ಎಂದು ತಿಳಿ. ಮುಂದೆ ನೀಟ್‌ನ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಕೇಳಬಹುದು, ಇಂಗ್ಲಿಷ್ ಕೂಡ ಅದರಲ್ಲೇ ಇರುತ್ತದೆ. ಆದರೆ ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅರ್ಜಿ ಹಾಕುವಾಗ ಮಂಗಳೂರಿನಂಥ ಊರನ್ನು ಆರಿಸಲು ಆಗುತ್ತದೆಯೇ ಎಂದು ಆ ವರ್ಷದ ಸೂಚನೆಯಲ್ಲಿ ನೋಡಿಕೋ. ಮಗೂ, ಇದು ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ನನಗೆ ಬೇಸರವಾಗುವುದು ಅದಕ್ಕೇ.

ಪ್ಲಸ್ ಒನ್‌ನ ಏಕಜಾಲಕ (ಸಿಂಗಲ್ ವಿಂಡೋ) ಅರ್ಜಿಯಲ್ಲಿ ಶಾಲೆ, ಗುಂಪು ಎರಡನ್ನೂ ಸೇರಿಸಿ ಒಂದೊಂದು ಆಯ್ಕೆ ಕೊಡಬೇಕು. ಬಯೋ ಮ್ಯಾಥ್ಸ್ ಇರುವ, ಎರಡನೇ ಭಾಷೆಯಾಗಿ ಕನ್ನಡ ಕಲಿಸುವ ಶಾಲೆಗಳನ್ನು ಮೇಲೆ ಬರೆ. ಪ್ರವೇಶ ಆದ ಮೇಲೆ ಸೀಟು ಉಳಿದಿದ್ದರೆ ಗುಂಪು ಬದಲಿಸಲು ಅವಕಾಶ ಕೊಡುತ್ತಾರೆ. ಅದನ್ನು ನಂಬಿ ಈಗ ಬೇಡದ ಗುಂಪನ್ನು ಮೊದಲು ಹಾಕಬೇಡ.