ವಸಾಬಿ ಪುಡಿ ಕಲಸಿದರೆ ಘಾಟೇ ಇಲ್ಲ, ಬರೀ ಕಹಿ: ಪ್ರತಿಕ್ರಿಯೆ

ಕುದಿಯುವ ನೀರಲ್ಲಿ ಕಲಸಿ ತಕ್ಷಣ ಬಡಿಸಿದೆ ಅಂದಿದ್ದೀರಲ್ಲ, ಹೆಚ್ಚಾಗಿ ತಪ್ಪಿರುವುದು ಅಲ್ಲೇ. ವಸಾಬಿಯ (ಜಪಾನಿ ಅಡುಗೆಯಲ್ಲಿ ಬಳಸುವ ಹಸಿರು ಗೆಡ್ಡೆ) ಘಾಟು ಪುಡಿಯಲ್ಲಿ ಸಿದ್ಧವಾಗಿ ಇರುವುದಿಲ್ಲ. ನೀರು ತಾಗಿದ ಮೇಲೆ ಅದರೊಳಗಿನ ಕಿಣ್ವ ಅದನ್ನು ಹುಟ್ಟಿಸುತ್ತದೆ; ಕುದಿನೀರು ಆ ಕಿಣ್ವವನ್ನೇ ಕೆಡಿಸುತ್ತದೆ. ನಮ್ಮ ಸಾಸಿವೆಯದೂ ಇದೇ ಗುಣ: ತಣ್ಣೀರು ಹಾಕಿ ಹಸಿಯಾಗಿ ಅರೆದರೆ ಮೂಗಿಗೇರುತ್ತದೆ, ಒಗ್ಗರಣೆಯಲ್ಲಿ ಸಿಡಿದರೆ ಆ ಘಾಟಿಲ್ಲ.

ಪುಟ್ಟ ಬಟ್ಟಲಲ್ಲಿ 2 ಟೀ ಚಮಚ ಪುಡಿ ಹಾಕಿ. ಮೊದಲು ಒಂದೂವರೆ ಟೀ ಚಮಚ ತಣ್ಣೀರು ಸಾಕು, ಆಮೇಲೆ ಬೇಕಾದರೆ ತೊಟ್ಟು ತೊಟ್ಟಾಗಿ ಸೇರಿಸಿ. ಅರ್ಧ ನಿಮಿಷ ಬಿರುಸಾಗಿ ತಿರುವಿ. ಬಟ್ಟಲು ಮಗುಚಿದರೂ ಬೀಳದೆ ತಳಕ್ಕೆ ಅಂಟಿ ನಿಲ್ಲುವಷ್ಟು ಗಟ್ಟಿ ಇರಬೇಕು. ಹಾಗೇ ತಟ್ಟೆಯ ಮೇಲೆ ಬೋರಲು ಹಾಕಿ 5ರಿಂದ 10 ನಿಮಿಷ ಬಿಡಿ. ಘಾಟು ಹಾರಿಹೋಗುವ ಜಾತಿಯದು, ಅದಕ್ಕೇ ಈ ಮುಚ್ಚಿಡುವ ಕೆಲಸ. ಈ ಕಾಯುವಿಕೆಯನ್ನು ದಯವಿಟ್ಟು ಬಿಡಬೇಡಿ, ರುಚಿ ಹುಟ್ಟುವುದೇ ಆಗ.

ತೆರೆದ ಮೇಲೆ 15-20 ನಿಮಿಷದಲ್ಲಿ ಮಂಕಾಗುತ್ತದೆ, ಹಾಗಾಗಿ ಊಟದ ಹೊತ್ತಿಗೇ ಕಲಸಿ. ಸೋಯಾ ಸಾಸ್‌ನಲ್ಲಿ ಮೊದಲೇ ಕದಡಿಟ್ಟರೆ ಇನ್ನೂ ಬೇಗ ಸಪ್ಪೆಯಾಗುತ್ತದೆ. ಸಾಶಿಮಿಯಾದರೆ (ಹಸಿ ಮೀನಿನ ಹೋಳುಗಳ ಜಪಾನಿ ತಿನಿಸು) ಮೀನಿನ ತುಂಡಿನ ಮೇಲೆ ಚೂರು ಇಟ್ಟು, ಇನ್ನೊಂದು ಬದಿಯನ್ನಷ್ಟೇ ಸಾಸ್‌ಗೆ ತಾಗಿಸಿ.

ಇಷ್ಟಾದರೂ ಘಾಟು ಬರದಿದ್ದರೆ ಪುಡಿ ಹಳೆಯದಿರಬಹುದು, ತೇವ ಹೀರಿರಲೂಬಹುದು. ಗಂಟುಕಟ್ಟಿದ್ದರೆ ಎಸೆಯಿರಿ. ಹೊಸದು ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ: ಅಗ್ಗದವು ಬಹುಪಾಲು ಹಾರ್ಸ್‌ರ್ಯಾಡಿಶ್ (ಘಾಟಿನ ಒಂದು ಬಿಳಿ ಬೇರು), ಸಾಸಿವೆ, ಹಸಿರು ಬಣ್ಣ. ಅದರಲ್ಲೂ ಘಾಟು ಚೆನ್ನಾಗಿಯೇ ಬರುತ್ತದೆ, ಹಸಿ ವಸಾಬಿ ಗೆಡ್ಡೆಯ ನವಿರು ಸಿಹಿ ಮಾತ್ರ ಸಿಗದು. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.