ಮುಡಿಗೆ ಗುಲಾಬಿ, ಮಗುವಿಗೆ ಎರಡು ಹೆಸರು

ಕುಂದಾಪುರದ ಕಡೆಯ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಎಪ್ಪತ್ತರ ದಶಕದಲ್ಲಿ ಅವರು ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಚಾಳಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅದರ ಬಾಗಿಲಲ್ಲಿ ನಿಂತು 'ಫೂಲ್ ಖಿಲೇ ಹೈಂ ಗುಲ್‌ಶನ್ ಗುಲ್‌ಶನ್' ನೋಡುತ್ತಿದ್ದರಂತೆ. ಹಿಂದಿನ ಸಂಚಿಕೆಯಲ್ಲಿ ನಾವು ಅದರ ನಿರೂಪಕಿ ತಬಸ್ಸುಮ್ ಅವರನ್ನು 'ನಗುನಗುತ್ತಾ ತಾರೆಯರನ್ನು ಮಾತಾಡಿಸುತ್ತಿದ್ದವರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಅದು ಅವರಿಗೆ ಬೇಸರ ತಂದಿದೆ. 'ಬರೀ ನಕ್ಕರೆ ಒಂದು ಕಾರ್ಯಕ್ರಮ ಅಷ್ಟು ವರ್ಷ ನಡೆಯುತ್ತದಾ?' ಎಂದು ಕೇಳಿದ್ದಾರೆ. ಜೊತೆಗೆ ಇನ್ನೊಂದು ಪ್ರಶ್ನೆ. ಆಕೆಯ ಹೆಸರು ಕಿರಣ್ ಬಾಲಾ ಎಂದು ರೂಮಿನ ಗೆಳೆಯ ವಾದ ಮಾಡುತ್ತಿದ್ದನಂತೆ. ಇವರು ಅವನ ಜೊತೆ ಒಂದು ಚಹಾ ಪಂಥ ಕಟ್ಟಿದ್ದರು. ಯಾರು ಗೆದ್ದದ್ದು?

ನಮಸ್ಕಾರ. ಮೊದಲು ಪಂಥದ ವಿಷಯ ಮುಗಿಸೋಣ. ಇಬ್ಬರೂ ಗೆದ್ದಿರಿ.

1944ರ ಜುಲೈನಲ್ಲಿ ಆ ಮಗು ಹುಟ್ಟಿದಾಗ ಅಪ್ಪ ಅಯೋಧ್ಯಾನಾಥ್ ಸಚ್‌ದೇವ್, ಅಮ್ಮ ಅಸ್ಗರಿ ಬೇಗಂ. ಇಬ್ಬರೂ ಸ್ವಾತಂತ್ರ್ಯ ಹೋರಾಟಗಾರರು. ಅಮ್ಮ ಪತ್ರಕರ್ತೆ ಕೂಡ. ಹೆಂಡತಿಯ ಧರ್ಮಕ್ಕೆ ಮರ್ಯಾದೆ ಕೊಡಬೇಕೆಂದು ಅಪ್ಪ ಮಗಳನ್ನು ತಬಸ್ಸುಮ್ ಎಂದು ಕರೆದರು. ಗಂಡನ ಧರ್ಮಕ್ಕೆ ಮರ್ಯಾದೆ ಕೊಡಬೇಕೆಂದು ಅಮ್ಮ ಕಿರಣ್ ಬಾಲಾ ಎಂದರು. ನಮ್ಮಲ್ಲಿ ಮಗುವಿನ ಹೆಸರಿಗೆ ಜಗಳ ಆದರೆ 'ನಮ್ಮ ಕಡೆಯ ಹೆಸರೇ ಇಡಬೇಕು' ಅಂತ ಆಗುತ್ತದೆ ಅಲ್ವಾ? ಇಲ್ಲಿ ಒಬ್ಬೊಬ್ಬರೂ ಇನ್ನೊಬ್ಬರ ಕಡೆಯ ಹೆಸರು ಹಿಡಿದು ನಿಂತರು. ಮದುವೆಗೆ ಮುಂಚಿನ ದಾಖಲೆಗಳಲ್ಲಿ ಇದ್ದದ್ದು ಕಿರಣ್ ಬಾಲಾ ಸಚ್‌ದೇವ್. ಜನರ ಬಾಯಲ್ಲಿ ಉಳಿದದ್ದು ತಬಸ್ಸುಮ್. ಹಾಗಂದರೆ ಮುಗುಳ್ನಗೆ. ನಾವು ಬರೆದ ಒಂದು ಸಾಲಿಗೆ ಅಷ್ಟರಮಟ್ಟಿಗೆ ಆಧಾರ ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಆದರೆ ದೂರು ನಿಜ. ನಿರೂಪಕಿ ಎಂದಷ್ಟೇ ಬರೆದದ್ದು ನಮ್ಮ ತಪ್ಪು. ಮುಂಬೈಗೆ ಟಿವಿ ಬರುವುದಕ್ಕೆ ಇಪ್ಪತ್ತೈದು ವರ್ಷ ಮುಂಚೆಯೇ ಅವರು ಬೇಬಿ ತಬಸ್ಸುಮ್. 1947ರಲ್ಲಿ 'ನರ್ಗಿಸ್' ಚಿತ್ರದಲ್ಲಿ ಕ್ಯಾಮೆರಾ ಮುಂದೆ ನಿಂತಾಗ ವಯಸ್ಸು ಮೂರು. 1951ರ 'ದೀದಾರ್' ಚಿತ್ರದಲ್ಲಿ ನರ್ಗಿಸ್ ಪಾತ್ರದ ಬಾಲ್ಯ ಅವರದು. 'ಬಚ್‌ಪನ್ ಕೇ ದಿನ್ ಭುಲಾ ನ ದೇನಾ' ಹಾಡು ನೆನಪಿದೆಯಾ? ಲತಾ ಮತ್ತು ಶಂಶಾದ್ ಬೇಗಂ ಹಾಡಿದ್ದು, ನೌಷಾದ್ ಸಂಗೀತ. ಅದರಲ್ಲಿ ಕುದುರೆ ಮೇಲೆ ಕೂತು ಹೋಗುವ ಹುಡುಗಿ ಇವರೇ. ಮರುವರ್ಷ 'ಬೈಜು ಬಾವ್ರಾ'ದಲ್ಲಿ ಮೀನಾ ಕುಮಾರಿಯ ಬಾಲ್ಯವೂ ಇವರದೇ. ದೊಡ್ಡವರಾದ ಮೇಲೆ ಸಣ್ಣಪುಟ್ಟ ಪಾತ್ರಗಳು ಬಂದವು. ನಾಯಕಿ ಆಗಲಿಲ್ಲ. ಬಾಲನಟಿಯರಿಗೆ ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯುತ್ತದೆ.

ಇವರದ್ದು ಮುಗಿಯಲಿಲ್ಲ. 1972ರ ಅಕ್ಟೋಬರ್ 2ರಂದು ಮುಂಬೈಯಲ್ಲಿ ಟಿವಿ ಕೇಂದ್ರ ಶುರುವಾಯಿತು. ದೆಹಲಿ ಬಿಟ್ಟರೆ ದೇಶದ ಎರಡನೆಯ ಕೇಂದ್ರ. ಅದೇ ವರ್ಷ 'ಫೂಲ್ ಖಿಲೇ ಹೈಂ' ಬಂತು. ನಮ್ಮ ದೇಶದ ಟಿವಿಯ ಮೊದಲ ಟಾಕ್ ಶೋ ಎಂದು ಅದನ್ನು ಕರೆಯುತ್ತಾರೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ಅಂದರೆ ನೀವು ಚಾಳಿನ ಬಾಗಿಲಲ್ಲಿ ನಿಂತಿದ್ದಾಗ ನಮಗೆ ಇಲ್ಲಿ ಟಿವಿ ಅಂದರೆ ಬೊಂಬಾಯಿಯಿಂದ ರಜೆಗೆ ಬಂದ ಮಾವಂದಿರು ಹೇಳುವ ಕಥೆ. ನಮ್ಮವರು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ನಿಮ್ಮ ದೊಡ್ಡ ಪ್ರಶ್ನೆ. ತಬಸ್ಸುಮ್ ಕಠಿಣ ಪ್ರಶ್ನೆ ಕೇಳುತ್ತಿರಲಿಲ್ಲ. ಇದನ್ನು ಒಪ್ಪಬೇಕು. ಸರಕಾರಿ ಟಿವಿ, ಎದುರಿಗೆ ಸಿನಿಮಾ ತಾರೆ, ನಡುವೆ ಒಂದು ಶಾಯರಿ, ಒಂದು ಜೋಕು. ಅದನ್ನು ಪತ್ರಿಕೋದ್ಯಮ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಕಲೆ. ಆದರೆ ಅದು ಸುಲಭ ಅಂದುಕೊಂಡವರು ಒಮ್ಮೆ ಮದುವೆ ಮನೆಯಲ್ಲಿ ಬಾಗಿಲ ಬಳಿ ನಿಂತು ಬಂದವರನ್ನೆಲ್ಲ ವಿಚಾರಿಸಿಕೊಳ್ಳಲಿ. ಅರ್ಧ ಗಂಟೆಗೆ ಮುಖ ಸೋಲುತ್ತದೆ. ಇವರು 1993ರವರೆಗೆ ಮಾಡಿದರು. ಇಪ್ಪತ್ತೊಂದು ವರ್ಷ.

ಹೇಗೆ ಸಾಧ್ಯವಾಯಿತು? ನನ್ನ ಲೆಕ್ಕ ಹೀಗೆ. ಕ್ಯಾಮೆರಾದ ಮುಂದೆ ಕೂತ ತಾರೆಗೆ ಎದುರಿಗಿರುವವರು ಹೊರಗಿನವರು ಅನ್ನಿಸಿದರೆ ಮಾತು ಬಿಗಿಯುತ್ತದೆ. ತಬಸ್ಸುಮ್ ಹೊರಗಿನವರಾಗಿರಲಿಲ್ಲ. ಹಿರಿಯ ನಟರಲ್ಲಿ ಎಷ್ಟೋ ಮಂದಿ ಅವರನ್ನು ಸೆಟ್ಟಿನಲ್ಲಿ ಫ್ರಾಕು ಹಾಕಿಕೊಂಡು ಓಡಾಡಿದ ಪುಟ್ಟ ಹುಡುಗಿಯಾಗಿ ಕಂಡಿದ್ದಿರಬೇಕು. ಅಂಥವಳ ಮುಂದೆ ದೊಡ್ಡಸ್ತಿಕೆ ತೋರಿಸುವುದು ಹೇಗೆ? ಅವರು ಮುಡಿಯುತ್ತಿದ್ದ ಗುಲಾಬಿ ನಮ್ಮಂಥ ನೋಡುಗರಿಗೆ ಗುರುತು. ತಾರೆಯರಿಗೆ ಗುರುತು ಆ ಹಳೆಯ ಪರಿಚಯ. ಈಗಿನ ಆಂಕರ್‌ಗಳ ಹತ್ತಿರ ಸಂಶೋಧನೆಗೆ ಒಂದು ತಂಡವೇ ಇರುತ್ತದೆ. ಇದು ಮಾತ್ರ ಇರುವುದಿಲ್ಲ.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಅವರು ಹದಿನೈದು ವರ್ಷ 'ಗೃಹಲಕ್ಷ್ಮಿ' ಎಂಬ ಹಿಂದಿ ಮಾಸಪತ್ರಿಕೆಯ ಸಂಪಾದಕಿ. (ನಮ್ಮಲ್ಲಿ ಈಗ ಆ ಹೆಸರು ಹೇಳಿದರೆ ತಿಂಗಳ 2,000 ರೂಪಾಯಿ ನೆನಪಾಗುತ್ತದೆ. ಇದು ಅದಲ್ಲ.) ಈ ಕುರ್ಚಿಯಲ್ಲಿ ಕೂತು ನಗು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಾಲ್ಕು ಪುಟದ ಕಾಗದ ಬಂದ ದಿನವಂತೂ ಜಾಸ್ತಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಗಂಡ ವಿಜಯ್ ಗೋವಿಲ್. ಟಿವಿ 'ರಾಮಾಯಣ'ದ ರಾಮ ಅರುಣ್ ಗೋವಿಲ್ ಇವರ ಮೈದುನ. 1985ರಲ್ಲಿ ಮಗ ಹೋಶಂಗ್‌ನನ್ನು ನಾಯಕನನ್ನಾಗಿ ಮಾಡಿ 'ತುಮ್ ಪರ್ ಹಮ್ ಕುರ್ಬಾನ್' ಚಿತ್ರ ನಿರ್ದೇಶಿಸಿದರು. ವಯಸ್ಸಾದ ಮೇಲೆ 'ತಬಸ್ಸುಮ್ ಟಾಕೀಸ್' ಎಂಬ ಯೂಟ್ಯೂಬ್ ಚಾನೆಲ್ ಶುರು ಮಾಡಿ ಹಳೆಯ ಸಿನಿಮಾ ಮಂದಿಯ ಕಥೆ ಹೇಳಿದರು. ಎಪ್ಪತ್ತು ದಾಟಿದವರು ಸಾಮಾನ್ಯವಾಗಿ ಮೊಮ್ಮಕ್ಕಳ ಕೈಗೆ ಫೋನ್ ಕೊಟ್ಟು 'ಇದೇನೋ ನೋಡು' ಅನ್ನುತ್ತಾರೆ.

2022ರ ನವೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಯುವವರೆಗೆ ಯಾರಿಗೂ ಹೇಳಬಾರದು ಎಂಬುದು ಅವರ ಆಸೆಯಾಗಿತ್ತಂತೆ. ಮಗ ಹಾಗೆಯೇ ಮಾಡಿದರು. ಮೂರನೆಯ ವಯಸ್ಸಿನಿಂದ ಕ್ಯಾಮೆರಾ ಮುಂದೆಯೇ ಬದುಕಿದವರು ಕೊನೆಯ ದಿನ ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನಿಮ್ಮ ಕಾಗದದ ಮೂರನೆಯ ಪುಟದಲ್ಲಿ ಆ ಟಿವಿ ಮನೆಯ ಅಜ್ಜಿ ಬಾಗಿಲಲ್ಲಿ ನಿಂತ ಹುಡುಗರಿಗೆಲ್ಲ ನೀರು ತಂದುಕೊಡುತ್ತಿದ್ದರು ಎಂದು ಒಂದು ಸಾಲು ಇದೆ. ನೀವೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಅದನ್ನು ಬಿಡಿಸಿ ಎರಡು ಪುಟ ಬರೆದು ಕಳಿಸಿ. ಮುಂದಿನ ತಿಂಗಳು ಅಚ್ಚು ಹಾಕುತ್ತೇವೆ. ಪಂಥದ ಚಹಾ ಏನಾಯಿತು ಎಂಬುದನ್ನೂ ಸೇರಿಸಿ.

— ಸಂಪಾದಕ