ವೇಗ ಹೆಚ್ಚಿದಾಗ ಕಿರಿದಾಗುವ ನೋಟ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಿದೊಡನೆ ಮುಂದಿನ ಕಾರಿನ ಹಿಂಭಾಗವೊಂದೇ ಕಾಣುತ್ತದೆ, ಅಕ್ಕಪಕ್ಕದ್ದೆಲ್ಲ ಮಸುಕಾಗುತ್ತದೆ, ಇದು ಕಣ್ಣಿನ ದೋಷವೇ ಎಂದು ಕೇಳಿದ್ದೀರಿ. ನಿಧಾನವಾಗಿ ಓಡಿಸುವಾಗಲೂ ಬದಿಯ ನೋಟ ಕುಗ್ಗಿದ್ದರೆ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಪರೀಕ್ಷೆ ಮಾಡಿಸಿಕೊಳ್ಳಿ. ಇಲ್ಲವಾದರೆ, ಇದು ನೋಡುವ ಅಭ್ಯಾಸದ ಪ್ರಶ್ನೆಯೆಂದೇ ನನ್ನ ಅಭಿಪ್ರಾಯ.

ನಮ್ಮ ಕಣ್ಣು ಅತಿ ಸ್ಪಷ್ಟವಾಗಿ ಕಾಣುವುದು ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ, ಅಂದರೆ ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟನ್ನು. ಉಳಿದ ವಿಶಾಲ ಭಾಗವು ವಿವರಗಳನ್ನು ಗುರುತಿಸದಿದ್ದರೂ ಚಲನೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಮನಸ್ಸು ಒಂದೇ ಬಿಂದುವಿಗೆ ಅಂಟಿಕೊಂಡಾಗ ಆ ಸುಳಿವುಗಳು ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರವು.

ನಿಮ್ಮ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಆದ್ದರಿಂದ ಮುಂದಿನ ವಾಹನದಿಂದ ಕನಿಷ್ಠ 3 ಸೆಕೆಂಡುಗಳ, ಅಂದರೆ 80 ಮೀಟರಿಗೂ ಹೆಚ್ಚಿನ ಅಂತರ ಬಿಡಿ. ಅಂತರ ಹೆಚ್ಚಿದಂತೆ ಆ ವಾಹನವು ನೋಟದಲ್ಲಿ ಚಿಕ್ಕದಾಗಿ, ಅದರಾಚೆಯ ರಸ್ತೆ ತಾನಾಗಿಯೇ ತೆರೆದುಕೊಳ್ಳುತ್ತದೆ. ದೃಷ್ಟಿಯನ್ನು 300 ಮೀಟರ್ ದೂರಕ್ಕೆ ಹಾಯಿಸಿ, ಕೆಲವು ಸೆಕೆಂಡುಗಳಿಗೊಮ್ಮೆ ಮೂರೂ ಕನ್ನಡಿಗಳನ್ನೂ ರಸ್ತೆಯ ಅಂಚನ್ನೂ ನೋಡಿ ಮತ್ತೆ ದೂರಕ್ಕೆ ಮರಳಿ. ಆ ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧವಿದೆ ನಿಜ, ಆದರೆ ನಾಯಿಗಳು ಅಧಿಸೂಚನೆ ಓದುವುದಿಲ್ಲ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿ ಕೂರುವ ಅಭ್ಯಾಸವಿದ್ದರೆ ಬಿಡಿ. ಇಷ್ಟಾದರೂ ಬದಿಗಳು ಮಸುಕಾದರೆ ವೇಗವನ್ನು 80ಕ್ಕೆ ಇಳಿಸಿ ಎಡಪಥದಲ್ಲಿ ಸಾಗಿರಿ.